ಅಟ್ಟದ ಮೇಲಿನ ಸದ್ದು: ಒಂದು ಕಥೆಯ ಕೊನೆಯನ್ನು ಹುಡುಕಿದ ಪ್ರಕರಣ

ತಿಪಟೂರು ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರನೆಯ ತರಗತಿಗೆ ಕನ್ನಡ ಕಲಿಸುತ್ತೇನೆ. ಈ ಬರಹದಲ್ಲಿ ದಾಖಲಿಸುತ್ತಿರುವುದು ಆ ತರಗತಿಯ ಒಬ್ಬಳೇ ಹುಡುಗಿ ಬರೆದ ಒಂದೇ ಕಥೆಯನ್ನು. ಇನ್ನೂ ಸರಿಯಾಗಿ ಹೇಳುವುದಾದರೆ, ಆ ಕಥೆಯ ಕೊನೆಯ ಏಳೆಂಟು ಸಾಲುಗಳನ್ನು. ಜುಲೈ ಕೊನೆಯಲ್ಲಿ ಮೊದಲ ಕರಡು ನನ್ನ ಕೈಗೆ ಬಂತು, ದಸರಾ ರಜೆಯ ಹಿಂದಿನ ವಾರ ಕಥೆ ಮುಗಿಯಿತು. ನಡುವೆ ವಾರಕ್ಕೊಂದು 40 ನಿಮಿಷದ ಅವಧಿಯನ್ನು ಇದಕ್ಕೆಂದೇ ತೆಗೆದಿಟ್ಟಿದ್ದೆ. ಹುಡುಗಿಯ ಮತ್ತು ಅವಳ ಮನೆಯವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನು ಕೊಡುವುದಿಲ್ಲ, 'ಕಥೆಗಾರ್ತಿ' ಎಂದು ಕರೆಯುತ್ತೇನೆ. ಅವಳು ಬರೆದದ್ದನ್ನು ನೋಡಿದ ಮೇಲೆ ಆ ಮಾತು ದೊಡ್ಡದೆಂದು ನನಗೆ ಅನ್ನಿಸುವುದಿಲ್ಲ.

ಕಥೆ ಅರ್ಥವಾಗಬೇಕಾದರೆ ಈ ಸೀಮೆಯ ಒಂದು ವಿಷಯ ತಿಳಿದಿರಬೇಕು. ಉಂಡೆ ಕೊಬ್ಬರಿ ಮಾಡುವವರು ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಹರಡಿ 8ರಿಂದ 12 ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಗುಡು ಎನ್ನುತ್ತದೆ. ಆ ಸದ್ದು ಬರುವವರೆಗೆ ಕಾಯಿ ಸುಲಿಯುವುದಿಲ್ಲ.

ಕಥೆಗಾರ್ತಿಯ ಮೊದಲ ಕರಡು ಎರಡು ಪುಟದ್ದು. ಗೌರಿ ಎಂಬ ಹುಡುಗಿ ಅಜ್ಜನ ಜೊತೆ ಇದ್ದಾಳೆ. ಮನೆಯಲ್ಲಿ ರಾಣಿ ಎಂಬ ಬೆಕ್ಕಿದೆ. ಅಟ್ಟಕ್ಕೆ ಹತ್ತುವ ಏಣಿಯ ಮೂರನೆಯ ಮೆಟ್ಟಿಲು ಮುರಿದಿದೆ. ಕೊಬ್ಬರಿ ಮಾರಿದ ಮೇಲೆ ಸೈಕಲ್ ಕೊಡಿಸುವುದಾಗಿ ಅಜ್ಜ ಹೇಳಿದ್ದಾನೆ. ಆದರೆ ದಿನವೂ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ 'ಇನ್ನೂ ಆಗಿಲ್ಲ ಮಗ' ಎಂದು ಇಟ್ಟುಬಿಡುತ್ತಾನೆ. ಅಜ್ಜನನ್ನು ಊಟಕ್ಕೆ ಕರೆಯಬೇಕಾದರೆ ಗೌರಿ ಎರಡು ಸಲ ಕೂಗಬೇಕು. ಒಂದು ರಾತ್ರಿ ಅಟ್ಟದ ಮೇಲೆ ಸದ್ದಾಗುತ್ತದೆ. ಕಳ್ಳನೋ ದೆವ್ವವೋ ತಿಳಿಯದೆ ಗೌರಿ ನಡುಗುತ್ತಾಳೆ, ಆದರೂ ಬ್ಯಾಟರಿ ಹಿಡಿದು ಏಣಿ ಹತ್ತುತ್ತಾಳೆ. ಕತ್ತಲೆಯಲ್ಲಿ ಎರಡು ಕಣ್ಣು ಹೊಳೆಯುತ್ತವೆ. ಇಲ್ಲಿಯವರೆಗೆ ಓದಿದಾಗ ನನಗೆ ನಿಜವಾಗಿ ಕುತೂಹಲ ಹುಟ್ಟಿತ್ತು. ಮುಂದಿನ ಮೂರು ಸಾಲು ಹೀಗಿದ್ದವು: 'ಅಷ್ಟರಲ್ಲಿ ಅಜ್ಜ ಎಬ್ಬಿಸಿದನು. ಅದೆಲ್ಲ ಕನಸಾಗಿತ್ತು. ನೀತಿ: ಯಾವುದಕ್ಕೂ ಹೆದರಬಾರದು.'

ಆ ವಾರ ತರಗತಿಯಲ್ಲಿ ಬಂದ ಕಥೆಗಳಲ್ಲಿ ಹೆಚ್ಚಿನವು ಮೂರೇ ದಾರಿಯಲ್ಲಿ ಮುಗಿದಿದ್ದವು: ಕನಸು, ಪೊಲೀಸರು, ಇಲ್ಲವೇ 'ಅಂದಿನಿಂದ ಎಲ್ಲರೂ ಸುಖವಾಗಿದ್ದರು'. ಮೂರರ ಕೆಳಗೂ ನೀತಿಯ ಸಾಲು ತಪ್ಪದೆ ಇತ್ತು. ಇದನ್ನು ಮಕ್ಕಳ ಸೋಮಾರಿತನವೆಂದು ಬಹಳ ವರ್ಷ ತಿಳಿದಿದ್ದೆ, ಈಗ ಹಾಗೆ ತಿಳಿಯುವುದಿಲ್ಲ. ಕೊಟ್ಟ ಸುಳಿವುಗಳಿಂದ ಅರ್ಧ ಪುಟದಲ್ಲಿ ಕಥೆ ಬೆಳೆಸಿ ನೀತಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳುತ್ತ ಬಂದವರು ನಾವೇ. ಗಂಟೆ ಹೊಡೆಯುವ ಹೊತ್ತಿಗೆ ಕಥೆ ಎಲ್ಲಿದ್ದರೂ ಮುಗಿಸಲೇಬೇಕಾದ ಮಗುವಿಗೆ ಕನಸಿಗಿಂತ ಹತ್ತಿರದ ಬಾಗಿಲು ಬೇರೆ ಇಲ್ಲ. ಇನ್ನೊಂದು ಕಾರಣ ನನಗೆ ತಡವಾಗಿ ಹೊಳೆಯಿತು. ತಾನೇ ಕಟ್ಟಿದ ಕತ್ತಲೆಯೊಳಗೆ ಹೋದ ಮಗುವಿಗೆ ಅಲ್ಲಿಂದ ಕ್ಷೇಮವಾಗಿ ಮನೆಗೆ ಮರಳುವ ಅಗತ್ಯ ನಿಜವಾಗಿಯೂ ಇರುತ್ತದೆ. ನಮ್ಮ ಅಜ್ಜಿಯರು ಕಥೆ ಮುಗಿಸಿ, 'ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ' ಎಂಬಂಥ ಮಾತು ಹೇಳುತ್ತಿದ್ದುದು ಈ ಅಗತ್ಯಕ್ಕಾಗಿಯೇ ಇರಬೇಕು. ಆದರೆ ಆ ಮಾತು ಬರುತ್ತಿದ್ದುದು ಕಥೆ ತನ್ನ ಕೆಲಸವನ್ನೆಲ್ಲ ಮುಗಿಸಿದ ಮೇಲೆ. ಮಕ್ಕಳು ಕನಸನ್ನು ತರುವುದು ಆ ಕೆಲಸಕ್ಕೆ ಬದಲಾಗಿ.

ಇಲ್ಲಿಂದ ಮುಂದೆ ಎರಡು ವಾರ ನಾನು ಮಾಡಿದ್ದು ತಪ್ಪು. ಆ ತಪ್ಪುಗಳಿಂದಲೇ ನನಗೆ ದಾರಿ ಸಿಕ್ಕಿದ್ದರಿಂದ ಅವನ್ನು ವಿವರವಾಗಿ ಹೇಳುತ್ತೇನೆ.

ಮೊದಲ ವಾರ ಪುಟದ ಅಂಚಿನಲ್ಲಿ 'ಕನಸು ಬೇಡ, ಬೇರೆ ರೀತಿ ಮುಗಿಸು' ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ. ಅವಳು ಮರುದಿನವೇ ಬೇರೆ ರೀತಿ ಮುಗಿಸಿಕೊಂಡು ಬಂದಳು: ಅಟ್ಟದಲ್ಲಿದ್ದವನು ಕಳ್ಳ, ಗೌರಿ ಕೂಗಿದಳು, ಊರವರು ಓಡಿ ಬಂದರು, ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು, ಗೌರಿಗೆ ಬಹುಮಾನ ಬಂತು. ಕನಸು ಹೋಯಿತು, ಅದರ ಜಾಗದಲ್ಲಿ ಪೊಲೀಸರು ಬಂದರು. ಎರಡರಲ್ಲಿಯೂ ಕಥೆಯನ್ನು ಮುಗಿಸುವ ಶಕ್ತಿ ಹೊರಗಿನಿಂದಲೇ ಬಂದಿತ್ತು. ಏನು ಬೇಡವೆಂದು ಹೇಳಿದ್ದೆನೇ ಹೊರತು ಏನು ಬೇಕೆಂದು ಹೇಳುವುದಕ್ಕೆ ನನಗೇ ತಿಳಿದಿರಲಿಲ್ಲ.

ಎರಡನೆಯ ವಾರದ ತಪ್ಪು ಇನ್ನೂ ದೊಡ್ಡದು. ಮೊದಲ ಪುಟದಲ್ಲಿ ಬೆಕ್ಕು ಇದೆಯಲ್ಲ, ಹೊಳೆದ ಕಣ್ಣು ಅದರದೇ ಆಗಿರಬಹುದಲ್ಲ, ಅದು ಅಟ್ಟದಲ್ಲಿ ಮರಿ ಹಾಕಿರಬಹುದಲ್ಲ ಎಂದು ನಾನೇ ಸೂಚಿಸಿದೆ. ಅವಳು ತಲೆಯಾಡಿಸಿ ಬರೆದುಕೊಂಡು ಬಂದಳು. ವಾಕ್ಯಗಳು ಶುದ್ಧವಾಗಿದ್ದವು, ಮೂರು ಮರಿಗಳಿಗೂ ಹೆಸರಿಟ್ಟಿದ್ದಳು. ಆದರೆ ತರಗತಿಗೆ ಓದಿ ಹೇಳುವಾಗ ಏಣಿ ಹತ್ತುವವರೆಗೆ ಏರಿಳಿಯುತ್ತಿದ್ದ ಅವಳ ದನಿ ಬೆಕ್ಕಿನ ಹತ್ತಿರ ಬಂದೊಡನೆ ಪಾಠ ಒಪ್ಪಿಸುವ ದನಿಯಾಯಿತು. ಪುಸ್ತಕ ಕೊಡುವಾಗ, 'ನೀವು ಹೇಳಿದ ಕೊನೆ ಬರ್ದಿದೀನಿ ಮಿಸ್' ಎಂದಳು. ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ, ಇದ್ದ ಸಂಗತಿಯನ್ನು ಹೇಳಿದ್ದಳಷ್ಟೆ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಮೂರನೆಯ ವಾರ ಬರವಣಿಗೆಯನ್ನೇ ಬದಿಗಿಟ್ಟು, ಮಕ್ಕಳಿಂದ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿಸಿದೆ. ಮಳೆಗೆ ಮನೆ ಕೊಚ್ಚಿಹೋಗಿ ಕಾಗಕ್ಕ ಬಂದು ಬಾಗಿಲು ತಟ್ಟುವುದು, ಗುಬ್ಬಕ್ಕ ಒಳಗಿನಿಂದ ಮಗುವಿನ ನೆವ ಹೇಳುತ್ತ ಕಾಯಿಸುವುದು ಎಲ್ಲ ಮಕ್ಕಳಿಗೂ ಗೊತ್ತಿತ್ತು, ಕೊನೆ ಮಾತ್ರ ಮನೆಗೊಂದು ಬಗೆಯಲ್ಲಿತ್ತು. ಒಬ್ಬಳ ಮನೆಯಲ್ಲಿ ಕಾಗಕ್ಕನಿಗೆ ಬರೆ ಬೀಳುತ್ತದೆ, ಇನ್ನೊಬ್ಬನ ಮನೆಯಲ್ಲಿ ಇಬ್ಬರೂ ಒಲೆಯ ಮುಂದೆ ಕುಳಿತು ಉಣ್ಣುತ್ತಾರೆ, ಮತ್ತೊಬ್ಬನ ಅಜ್ಜಿ ಬಾಗಿಲು ತೆರೆಯುವಲ್ಲಿಯೇ ನಿದ್ದೆ ಹೋಗಿಬಿಡುತ್ತಾರಂತೆ. ಒಂದೇ ಕಥೆಗೆ ಹಲವು ಕೊನೆಗಳಿರಬಹುದು ಎಂಬುದು ಮಕ್ಕಳಿಗೆ ಹೀಗೆ ತಾನಾಗಿ ತಿಳಿಯಿತು. 'ಸರಿಯಾದ ಉತ್ತರ'ದ ಭಯ ಸ್ವಲ್ಪ ಸಡಿಲವಾದದ್ದು ಅಂದೇ.

ಮರುವಾರ ಪುಣ್ಯಕೋಟಿಯ ಕಥೆಯನ್ನು ಹೇಳಿ ನಡುನಡುವೆ ನಿಲ್ಲಿಸಿ, 'ಇಲ್ಲಿಗೇ ಮುಗಿಸಿದರೆ ಆದೀತೇ?' ಎಂದು ಕೇಳಿದೆ. ಹಸು ಕರುವಿಗೆ ಹಾಲುಣಿಸಿ ಹಿಂದಿರುಗಿ ಹುಲಿಯ ಮುಂದೆ ನಿಂತಿತು. ಇಲ್ಲಿಗೇ ನಿಲ್ಲಿಸಿದೆ. ಕೊಟ್ಟ ಮಾತು ಉಳಿಯಿತಲ್ಲ, ಇನ್ನೇನು ಬೇಕು ಎಂದೆ. 'ಹುಲಿ ಏನ್ ಮಾಡ್ತು ಅಂತ ಹೇಳಲೇ ಇಲ್ವಲ್ಲ ಮಿಸ್' ಎಂದು ಹಲವರು ಒಟ್ಟಿಗೆ ಕೂಗಿದರು. ಹಾಗಾದರೆ ಹುಲಿ ಹಸುವನ್ನು ಬಿಟ್ಟುಬಿಟ್ಟಿತು ಎಂದು ಮುಗಿಸೋಣವೇ ಎಂದೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ, ತರಗತಿಯಲ್ಲಿ ಅಪರೂಪಕ್ಕೆ ಬಾಯಿ ಬಿಡುವವನು, 'ಹುಲಿಗೆ ಹಸಿವು ಹಂಗೇ ಇರುತ್ತಲ್ಲ' ಎಂದ. ಅವನ ಮಾತಿನ ಬೆಲೆಯನ್ನು ನಾನು ಇಂದಿಗೂ ಪೂರ್ತಿ ಹೇಳಿ ಮುಗಿಸಲಾರೆ. ಹುಲಿ ಹಸಿದಿತ್ತು ಎಂದು ಕಥೆ ಮೊದಲೇ ಹೇಳಿದೆ. ಹಸಿದ ಹುಲಿಗೆ ತಿನ್ನಲು ಮನಸ್ಸು ಬಾರದಂತಾದರೆ ಅದು ಎಲ್ಲಿಗೆ ಹೋಗಬೇಕು? ಅಕ್ಕನಂಥವಳೆಂದು ತಿಳಿದವಳನ್ನು ತಿನ್ನಲಾರದೆ ಅದು ಪ್ರಾಣ ಬಿಡುವುದು ಹಸಿವು, ನಾಚಿಕೆ ಎರಡಕ್ಕೂ ಒಟ್ಟಿಗೆ ಸಿಕ್ಕ ಉತ್ತರ. ದುಃಖದ ಕೊನೆಯಾದರೂ ಇಷ್ಟು ತಲೆಮಾರುಗಳ ಮಕ್ಕಳು ಅದನ್ನು ಒಪ್ಪಿಕೊಂಡದ್ದು ಇದರಿಂದಲೇ ಎಂದು ನನ್ನ ನಂಬಿಕೆ. ಹಸು ಮರಳುತ್ತದೆಯೇ ಎಂಬುದು ಕಥೆಯ ಮೇಲಿನ ಪ್ರಶ್ನೆ. ಮರಳಿದರೆ ಹುಲಿ ಏನಾಗುತ್ತದೆ ಎಂಬುದು ಅದರ ಕೆಳಗೆ ಅಡಗಿರುವ ಪ್ರಶ್ನೆ. ಮೇಲಿನದಕ್ಕೆ ಮಾತ್ರ ಉತ್ತರ ಸಿಕ್ಕರೆ ಕೇಳುವವರು 'ಆಮೇಲೆ?' ಎನ್ನುತ್ತಾರೆ.

ನನ್ನ ಬೆಕ್ಕಿನ ಕೊನೆ ಏಕೆ ಸತ್ತಿತೆಂಬುದೂ ಆಗಲೇ ಗೊತ್ತಾಯಿತು. ಸದ್ದು ಯಾರದೆಂಬ ಮೇಲಿನ ಪ್ರಶ್ನೆಗೆ ಬೆಕ್ಕು ಉತ್ತರವಾಗಿತ್ತು, ಆದರೆ ಕಥೆಯ ಕೆಳಗಿನ ಪ್ರಶ್ನೆ ಬೇರೆಯೇ ಇತ್ತು. ಅದೇನೆಂದು ನನಗೂ ಇನ್ನೂ ಕಂಡಿರಲಿಲ್ಲ.

ಕಾಲೇಜಿನಲ್ಲಿ ಓದಿ ಮರೆತಿದ್ದ ಒಂದು ವಿಚಾರ ಇಲ್ಲಿ ನೆರವಿಗೆ ಬಂತು. ಭರತನ ನಾಟ್ಯಶಾಸ್ತ್ರ ನಾಟಕದ ಕಥಾವಸ್ತುವಿಗೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನು, ಅಂದರೆ ಆರಂಭದಿಂದ ಕೊನೆಯವರೆಗಿನ ಐದು ಘಟ್ಟಗಳನ್ನು, ಹೇಳುತ್ತದೆ. ಮುಖಸಂಧಿಯಲ್ಲಿ ಬಿತ್ತಿದ ಬೀಜ ಮುಂದೆ ಅಲ್ಲಲ್ಲಿ ಚದುರಿ ಬೆಳೆಯುತ್ತದೆ. ಹಾಗೆ ಚದುರಿದ್ದೆಲ್ಲವೂ ಒಂದೇ ಪ್ರಯೋಜನಕ್ಕೆ ಬಂದು ಕೂಡುವುದೇ ನಿರ್ವಹಣವೆಂದು 10ನೆಯ ಶತಮಾನದ ಧನಂಜಯ ತನ್ನ ದಶರೂಪಕದಲ್ಲಿ ವಿವರಿಸುತ್ತಾನೆ. ನಿರ್ವಹಣದಲ್ಲಿ ಅದ್ಭುತರಸ ಇರಬೇಕೆಂದೂ, ಕಾವ್ಯವನ್ನು ಗೋಪುಚ್ಛದ ತುದಿಯಂತೆ ರಚಿಸಬೇಕೆಂದೂ ನಾಟ್ಯಶಾಸ್ತ್ರದಲ್ಲಿದೆ. ಈ ಗೋಪುಚ್ಛದ ಮಾತನ್ನು ವ್ಯಾಖ್ಯಾನಕಾರರು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಅರ್ಥೈಸಿದ್ದಾರೆ. ಮನೆಯಲ್ಲಿ ದನ ಕಟ್ಟುವ ನನ್ನ ಮಕ್ಕಳಿಗೆ ಅದು ಸುಲಭವಾಗಿಯೇ ಹಿಡಿಯಿತು: ಹಸುವಿನ ಬಾಲ ಬುಡದಲ್ಲಿ ದಪ್ಪ, ಬರಬರುತ್ತ ಸಣ್ಣ, ತುದಿಯಲ್ಲಿ ಮಾತ್ರ ಒಂದು ಕುಚ್ಚು. ದೊಡ್ಡ ನಾಟಕಗಳಿಗೆ ಹೇಳಿದ್ದನ್ನು ಆರನೆಯ ತರಗತಿಯ ಎರಡು ಪುಟದ ಕಥೆಗೆ ಅನ್ವಯಿಸುವುದು ಹೆಚ್ಚಾಯಿತೆಂದು ಯಾರಾದರೂ ಹೇಳಬಹುದು. ಸಂಧಿ, ನಿರ್ವಹಣ ಎಂಬ ಪದಗಳನ್ನು ನಾನು ಮಕ್ಕಳಿಗೆ ಹೇಳಲಿಲ್ಲ. 'ಬೀಜ' ಎಂಬ ಒಂದೇ ಪದವನ್ನು ಉಳಿಸಿಕೊಂಡೆ.

ಐದನೆಯ ವಾರ ಕಥೆಗಾರ್ತಿಗೆ ಕೊನೆಯನ್ನು ಮುಚ್ಚಿಡಲು ಹೇಳಿ, ಮೊದಲ ಪುಟವನ್ನು ಮಾತ್ರ ಅವಳ ಮುಂದಿಟ್ಟೆ. 'ಇಲ್ಲಿ ನೀನು ಹೇಳಿ ಆಮೇಲೆ ಮರೆತುಬಿಟ್ಟಿದ್ದು ಏನೇನಿದೆ, ಗೆರೆ ಎಳೆ ನೋಡೋಣ' ಎಂದೆ. ಅವಳು ಪೆನ್ಸಿಲಿನಿಂದ ಆರು ಕಡೆ ಗೆರೆ ಎಳೆದಳು: ಬೆಕ್ಕು, ಮುರಿದ ಮೆಟ್ಟಿಲು, ಸೈಕಲ್, ಕಾಯಿ ಅಲ್ಲಾಡಿಸುವುದು, 'ಇನ್ನೂ ಆಗಿಲ್ಲ' ಎಂಬ ಮಾತು, ಎರಡು ಸಲ ಕೂಗುವುದು. ಇವುಗಳಲ್ಲಿ ಯಾವ ಯಾವುದು ಒಂದಕ್ಕೊಂದು ನೆಂಟರು ಎಂದು ಕೇಳಿ ನಾನು ಸುಮ್ಮನಾದೆ. ಈ ಬಾರಿ ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು. ಬೇರೆ ಮಕ್ಕಳ ಪುಸ್ತಕ ನೋಡಲು ಎದ್ದು ಹೋದೆ. ಐದಾರು ನಿಮಿಷವಾಗಿರಬೇಕು, ಅವಳು ಕೂತಲ್ಲಿಂದಲೇ ಜೋರಾಗಿ, 'ಅಜ್ಜನಿಗೆ ಕೇಳ್ಸಲ್ಲ ಅಲ್ವಾ ಮಿಸ್!' ಎಂದಳು. ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು: ಕಾಯಿ ಆಗಿದೆ, ಒಳಗೆ ಕೊಬ್ಬರಿ ಆಡುತ್ತಿದೆ, ಆದರೆ ಅಜ್ಜನಿಗೆ ಆ ಸದ್ದು ಕೇಳಿಸುತ್ತಿಲ್ಲ, ಅದಕ್ಕೇ 'ಇನ್ನೂ ಆಗಿಲ್ಲ' ಎನ್ನುತ್ತಿದ್ದಾನೆ. ರಾತ್ರಿ ಅಟ್ಟದ ಮೇಲಿದ್ದವನು ಅಜ್ಜನೇ.

ಎರಡು ಸಲ ಕೂಗುವ ಮಾತನ್ನು ಬರೆದಾಗ ಅವಳಿಗೆ ಇದಾವುದೂ ಗೊತ್ತಿರಲಿಲ್ಲ, ತನ್ನ ಮನೆಯಲ್ಲಿ ನಡೆಯುವುದನ್ನು ಸುಮ್ಮನೆ ಬರೆದಿದ್ದಳು. ನಾನಂತೂ ಆ ಸಾಲನ್ನು ನಾಲ್ಕೈದು ಸಲ ಓದಿಯೂ ದಾಟಿ ಹೋಗಿದ್ದೆ. ಅಟ್ಟದಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯ ಕೆಳಗೆ, ಅಜ್ಜ ದಿನವೂ ಏಕೆ ಇಲ್ಲವೆನ್ನುತ್ತಾನೆ ಎಂಬ ಪ್ರಶ್ನೆ ಮೊದಲ ಪುಟದಿಂದಲೇ ಅಡಗಿ ಕುಳಿತಿತ್ತು.

ಕೊನೆ ಸಿಕ್ಕಿದೊಡನೆ ನಡುವಿನ ಭಾಗ ಅದಕ್ಕೆ ಹೊಂದದೆ ಹೋಯಿತು. ಅಜ್ಜ ಅಟ್ಟದ ಮೇಲಿರಬೇಕಾದರೆ ಅವನ ಹಾಸಿಗೆ ಖಾಲಿ ಇರಬೇಕು. ಅದನ್ನು ಗೌರಿ ಮೊದಲೇ ನೋಡಿಬಿಟ್ಟರೆ ಭಯಕ್ಕೆ ಎಡೆಯಿಲ್ಲ. ಆದ್ದರಿಂದ ಅಜ್ಜ ಹೊರಗೆ ಜಗಲಿಯ ಮೇಲೆ ಮಲಗುತ್ತಾನೆಂದು ಬದಲಾಯಿಸಿದಳು. ಹೊಳೆಯುವ ಕಣ್ಣುಗಳ ವಿಷಯದಲ್ಲಿ ಮಾತ್ರ ಜಗ್ಗಾಟ ನಡೆಯಿತು. ಅವನ್ನು ತೆಗೆಯಬೇಕಾಗುತ್ತದೆ ಎಂದು ನಾನು ಹೇಳಿದಾಗ, 'ಅದೇ ಚೆನ್ನಾಗಿರೋದು ಮಿಸ್' ಎಂದು ಅವಳು ಒಪ್ಪಲಿಲ್ಲ. ನಾಲ್ಕು ದಿನ ಬಿಟ್ಟು ಬಂದಾಗ ಕಣ್ಣು ಹಾಗೆಯೇ ಇತ್ತು. ಅದು ಬ್ಯಾಟರಿ ಬೆಳಕಿಗೆ ಹೊಳೆದ ಅಜ್ಜನ ಕನ್ನಡಕವಾಗಿತ್ತು, ಮೊದಲ ಪುಟದಲ್ಲಿ ಅಜ್ಜನಿಗೆ ದಪ್ಪ ಗಾಜಿನ ಕನ್ನಡಕವೂ ಬಂದಿತ್ತು. ಕೊನೆಗೆ ಬೇಕಾದ ಬೀಜವನ್ನು ಹಿಂದೆ ಹೋಗಿ ಬಿತ್ತಿ ಬರಬಹುದೆಂದು ನಾನು ಹೇಳಿಕೊಟ್ಟಿರಲಿಲ್ಲ. ಕೈಬರಹದಲ್ಲಿ ಇನ್ನೊಂದು ಸಲ ಪೂರ್ತಿ ನಕಲು ಮಾಡಬೇಕಾದ ಮಗುವಿಗೆ ಹಿಂದೆ ಹೋಗುವುದೆಂದರೆ ಎಷ್ಟು ದೊಡ್ಡ ಕೆಲಸವೆಂಬುದನ್ನು ನೆನೆದರೆ, ಅವಳು ಅದನ್ನು ತಾನಾಗಿಯೇ ಮಾಡಿದ್ದು ನನಗೆ ಈ ಇಡೀ ಪ್ರಕರಣದ ಬಹಳ ಸಂತೋಷದ ಸಂಗತಿ.

ಎಲ್ಲ ಬೀಜಗಳೂ ಮೊಳೆಯಬೇಕೆಂದು ಹಟ ಹಿಡಿದದ್ದರಿಂದ ನಡುವೆ ಒಂದು ಕರಡು ಕೆಟ್ಟಿತು. ಅದರಲ್ಲಿ ಬೆಕ್ಕು ಓಡಿ ಬಂದು ಮುರಿದ ಮೆಟ್ಟಿಲ ಬಳಿ ಕೂಗುತ್ತದೆ, ಗೌರಿ ಜಾರುತ್ತಾಳೆ, ಅಜ್ಜ ಹಿಡಿಯುತ್ತಾನೆ, ಸೈಕಲ್ಲೂ ಬರುತ್ತದೆ. ಓದಿದ ಅವಳಿಗೇ ಅದು ಸಂತೆಯಂತೆ ಕಂಡಿತು. ಮೆಟ್ಟಿಲನ್ನು ಒಂದು ಸಾಲಿಗೆ ಇಳಿಸಿದಳು: ಕತ್ತಲೆಯಲ್ಲಿ ಗೌರಿ ಎಣಿಸಿಕೊಂಡು ಹತ್ತಿ ಮೂರನೆಯದನ್ನು ದಾಟುತ್ತಾಳೆ. ಬೆಕ್ಕನ್ನು ಪೂರ್ತಿ ತೆಗೆದುಹಾಕಿದಳು. ಅದು ಹೋದದ್ದಕ್ಕೆ ನಾನೇ ಹೆಚ್ಚು ಸಮಾಧಾನಪಟ್ಟೆ.

ಕೊನೆಯ ಸಾಲುಗಳು ಮೂರು ಸಲ ಬದಲಾದವು. ಮೊದಲನೆಯದರಲ್ಲಿ ಅಜ್ಜನಿಗೆ ಕಿವಿ ಕೇಳುವುದಿಲ್ಲವೆಂದು ಗೌರಿಗೆ ತಿಳಿಯಿತು, ಅವಳಿಗೆ ಬಹಳ ದುಃಖವಾಯಿತು, ಅಜ್ಜನೂ ಅತ್ತನು ಎಂದೆಲ್ಲ ವಿವರಣೆಯಿತ್ತು. ಅದನ್ನು ನಾನು ತಿದ್ದಲಿಲ್ಲ. ಜೋರಾಗಿ ಓದಿಸಿ, ಎಲ್ಲಿ ನಿಲ್ಲಿಸಿದರೂ ಕೇಳುವವರಿಗೆ ಅರ್ಥವಾಗಿಬಿಟ್ಟಿರುತ್ತದೆಯೋ ಅಲ್ಲಿ ಕೈಯೆತ್ತಿ ಎಂದು ತರಗತಿಗೆ ಹೇಳಿದೆ. ಕಾಯಿ ಗೌರಿಯ ಕಿವಿಗೆ ಬಂದ ಕೂಡಲೇ ಅರ್ಧ ತರಗತಿಯ ಕೈ ಮೇಲೆದ್ದಿತು. ಅವಳು ಕೈಗಳನ್ನು ನೋಡಿದಳು, ಪುಸ್ತಕ ನೋಡಿಕೊಂಡಳು, ಕೆಳಗಿನ ಸಾಲುಗಳನ್ನು ಅಲ್ಲೇ ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ಇದು:

'ಅಜ್ಜ ಕಾಯಿಯನ್ನು ಅಲ್ಲಾಡಿಸಿ ಇನ್ನೂ ಆಗಿಲ್ಲ ಎಂದನು. ಗೌರಿ ಅದನ್ನು ಇಸಿದುಕೊಂಡು ತನ್ನ ಕಿವಿಯ ಹತ್ತಿರ ಹಿಡಿದಳು. ಗುಡುಗುಡು ಅಂದಿತು. ಇನ್ನೊಂದು ಕಾಯಿ ಹಿಡಿದಳು. ಅದೂ ಗುಡುಗುಡು ಅಂದಿತು. ಅಜ್ಜ, ಆಗಿದೆ ಎಂದಳು. ಆಮೇಲೆ ಇನ್ನೊಂದು ಸಲ ಜೋರಾಗಿ, ಆಗಿದೆ ಅಜ್ಜ ಎಂದಳು.'

ಎರಡು ಸಲ ಹೇಳಿಸಿದ್ದು ಅವಳ ಆಲೋಚನೆ. ಮೊದಲ ಪುಟದ ಒಂದು ಮನೆಮಾತು ಇಲ್ಲಿ ಬಂದು ಕೂತಿತು, ಗೌರಿಗೆ ಏನು ತಿಳಿಯಿತೆಂದು ಬೇರೆಯಾಗಿ ಹೇಳುವ ಅಗತ್ಯವೇ ಉಳಿಯಲಿಲ್ಲ. ಹಸುವಿನ ಬಾಲದ ಕುಚ್ಚನ್ನು ನಾನು ಹೀಗೆಯೇ ಅರ್ಥಮಾಡಿಕೊಂಡಿದ್ದೇನೆ.

ಎಲ್ಲರೂ ಒಪ್ಪಿದರೆಂದಲ್ಲ. ಸೈಕಲ್ ಬಂತೋ ಇಲ್ಲವೋ ಹೇಳಲೇಬೇಕೆಂದು ಮುಂದಿನ ಬೆಂಚಿನ ಹುಡುಗನೊಬ್ಬ ವಾದಿಸಿದ; ಮಾತು ಕೊಟ್ಟ ಮೇಲೆ ಕೊಡಿಸಬೇಕಲ್ಲವೇ ಎಂಬುದು ಅವನ ನ್ಯಾಯ. ಪುಣ್ಯಕೋಟಿಯ ಕಥೆ ಹೇಳಿ, ಬಿಟ್ಟದ್ದನ್ನು ಮುಗಿಸಬೇಕೆಂದು ಕಲಿಸಿದವಳು ನಾನೇ ಆದ್ದರಿಂದ ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕಥೆಗಾರ್ತಿ, 'ಕಾಯಿ ಆಗಿದೆ ಅಂದ್ಮೇಲೆ ಮಾರ್ತಾರೆ ಕಣೋ' ಎಂದಳು. ಓದುಗ ತಾನೇ ನಡೆದು ತಲುಪಬಲ್ಲ ದೂರವನ್ನು ಓದುಗನಿಗೆ ಬಿಡಬಹುದು ಎಂಬುದು ನನ್ನ ತೀರ್ಮಾನವೂ ಹೌದು. ಹುಲಿಯ ಹಸಿವಿನ ವಿಷಯದಲ್ಲಿ ಹಾಗೆ ಬಿಡುವಂತಿರಲಿಲ್ಲ, ಏಕೆಂದರೆ ಅಲ್ಲಿ ಮುಂದಿನ ಹೆಜ್ಜೆ ಯಾರಿಗೂ ಕಾಣುತ್ತಿರಲಿಲ್ಲ. ಆ ಹುಡುಗ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಶುದ್ಧ ಪ್ರತಿ ಬರೆಯುವ ದಿನ ಅವಳು ಮೇಜಿನ ಬಳಿ ಬಂದು, 'ನೀತಿ ಬರೀಬೇಕಾ ಮಿಸ್?' ಎಂದು ಕೇಳಿದಳು. ಈ ಕಥೆಗೆ ಬೇಡ, ಪರೀಕ್ಷೆಯಲ್ಲಿ ಕೇಳಿದರೆ ಬರಿ ಎಂದೆ. ಈ ಉತ್ತರ ನನಗೇ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಒಂದೇ ಮಗುವಿಗೆ ಎರಡು ಬಗೆಯ ಕಥೆ ಕಲಿಸುತ್ತಿದ್ದೇನೆಂಬುದು ಗೊತ್ತಿದೆ. ಅಂಕದ ಪ್ರಶ್ನೆ ಬದಲಾಗುವವರೆಗೆ ಅವಳಿಗೆ ನಷ್ಟವಾಗದಂತೆ ನೋಡಿಕೊಳ್ಳುವುದೂ ನನ್ನ ಕೆಲಸವೇ.

ಈ ದಾರಿ ಎಲ್ಲರಿಗೂ ಒದಗಲಿಲ್ಲವೆಂಬುದನ್ನೂ ದಾಖಲಿಸಬೇಕು. ಟಿವಿಯಲ್ಲಿ ಕಂಡ ಕಾರ್ಟೂನಿನ ವೀರನ ಕಥೆ ಬರೆದಿದ್ದ ಹುಡುಗನ ಮೊದಲ ಪುಟವನ್ನು ಇಬ್ಬರೂ ಮೂರು ಸಲ ಓದಿದೆವು. ಗೆರೆ ಎಳೆಯುವುದಕ್ಕೆ ಏನೂ ಸಿಗಲಿಲ್ಲ. ಹೊಡೆತದ ಮೇಲೆ ಹೊಡೆತವಿತ್ತು, ಮನೆ ಇರಲಿಲ್ಲ, ಅಜ್ಜ ಇರಲಿಲ್ಲ, ಮುರಿದ ಮೆಟ್ಟಿಲಿನಂಥದು ಯಾವುದೂ ಇರಲಿಲ್ಲ. ಅವನಿಗೆ ಕೊನೆ ಕಲಿಸುವ ಮೊದಲು ಆರಂಭವನ್ನೇ ಬೇರೆ ರೀತಿ ಕಲಿಸಬೇಕಾಗಿತ್ತು. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂತು. ಅವನ ಕಥೆ ಪೊಲೀಸರಲ್ಲಿಯೇ ಮುಗಿದಿದೆ.

ರಜೆ ಮುಗಿಸಿ ಬಂದ ಎರಡನೆಯ ವಾರ ಕಥೆಗಾರ್ತಿ ಇನ್ನೊಂದು ಕಥೆ ತಂದಳು. ಕೆರೆ ಕೋಡಿ ಬಿದ್ದ ದಿನದ ಕಥೆ, ಒಂದೂವರೆ ಪುಟವಿತ್ತು. ಮೊದಲ ಪುಟದಲ್ಲಿ ಮೂರು ಕಡೆ ಪೆನ್ಸಿಲ್ ಗೆರೆಗಳಿದ್ದವು, ಕೊನೆಯ ಜಾಗ ಖಾಲಿಯಿತ್ತು. ಗಂಟೆ ಹೊಡೆಯಿತು, ಪುಸ್ತಕಗಳನ್ನು ಒಟ್ಟು ಮಾಡುತ್ತಿದ್ದ ನಾನು ಅವಳದಕ್ಕೂ ಕೈ ಚಾಚಿದೆ. 'ಇನ್ನೂ ಆಗಿಲ್ಲ ಮಿಸ್' ಎಂದು ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.